ಉರಿಯುವ ಹಲಗೆಯ ಲೆಕ್ಕ: ಕ್ರ್ಯಾಂಕ್–ನಿಕಲ್ಸನ್ ಪ್ರಕರಣ

ಒಂದು ಮರದ ಹಲಗೆಯ ಒಂದು ಮುಖಕ್ಕೆ ಬೆಂಕಿ ತಾಗುತ್ತಿದೆ. ಇನ್ನೊಂದು ಮುಖ ತಣ್ಣಗಿದೆ. ಐದು ನಿಮಿಷ ಆದಮೇಲೆ ಒಂದು ಸೆಂಟಿಮೀಟರ್ ಒಳಗೆ ಎಷ್ಟು ಬಿಸಿ ಇರುತ್ತದೆ? ಅಲ್ಲಿ ಎಷ್ಟು ಮರ ಉಳಿದಿರುತ್ತದೆ?

ಮರ ಸುಮ್ನೆ ಬಿಸಿಯಾಗುವ ವಸ್ತುವಾಗಿದ್ದರೆ ಈ ಪ್ರಶ್ನೆಗೆ ಫೋರಿಯೇ 1822ರಲ್ಲೇ ದಾರಿ ತೋರಿಸಿದ್ದರು. ಆದರೆ ಮರ ಬಿಸಿಯಾದಂತೆ ಒಡೆಯುತ್ತದೆ. ಅನಿಲ ಹೊರಗೆ ಹೋಗುತ್ತದೆ, ಇದ್ದಿಲು ಉಳಿಯುತ್ತದೆ. ಒಡೆಯುವಾಗ ಒಳಗೇ ಶಾಖ ಹುಟ್ಟುತ್ತದೆ. ಆ ಶಾಖದಿಂದ ಪಕ್ಕದ ಮರವೂ ಬೇಗ ಒಡೆಯುತ್ತದೆ. ಹೀಗಾಗಿ ಎರಡು ಸಮೀಕರಣಗಳನ್ನು ಜೊತೆಯಲ್ಲೇ ಬಿಡಿಸಬೇಕು. ಒಂದು ಹೇಳುವುದು ಇಷ್ಟು: ಒಂದು ಬಿಂದುವಿನ ಬಿಸಿ ಬದಲಾಗುವುದು ಅಕ್ಕಪಕ್ಕದಿಂದ ಹರಿದು ಬಂದ ಶಾಖದಿಂದ ಮತ್ತು ಅಲ್ಲೇ ಹುಟ್ಟಿದ ಶಾಖದಿಂದ. ಇನ್ನೊಂದು ಹೇಳುವುದು: ಮರ ಒಡೆಯುವ ವೇಗ ಉಳಿದಿರುವ ಮರದ ಮೇಲೂ ಅಲ್ಲಿನ ಬಿಸಿಯ ಮೇಲೂ ನಿಂತಿದೆ, ಮತ್ತು ಬಿಸಿಯ ಜೊತೆ ಅದು ಘಾತೀಯವಾಗಿ ಏರುತ್ತದೆ.

'ಘಾತೀಯವಾಗಿ' ಅಂದರೆ ಎಷ್ಟು ಅಂತ ಒಂದು ಸಲ ನೋಡಿಬಿಡೋಣ. ವೇಗದ ಸೂತ್ರದಲ್ಲಿ ಬರುವ ಸ್ಥಿರಾಂಕವನ್ನು 16,000 ಕೆಲ್ವಿನ್ ಎಂದು ಇಟ್ಟುಕೊಳ್ಳಿ. ಬಿಸಿ 600 ಕೆಲ್ವಿನ್‌ನಿಂದ 620ಕ್ಕೆ ಏರಿದರೆ ಮರ ಒಡೆಯುವ ವೇಗ ಸುಮಾರು 2.4 ಪಟ್ಟು ಆಗುತ್ತದೆ. 650ಕ್ಕೆ ಏರಿದರೆ ಹತ್ತಿರ ಹತ್ತಿರ 8 ಪಟ್ಟು. ಲೆಕ್ಕದಲ್ಲಿ ಇಪ್ಪತ್ತು ಡಿಗ್ರಿ ತಪ್ಪಿದರೆ ಹುಟ್ಟುವ ಶಾಖ ಎರಡು ಪಟ್ಟಿಗಿಂತ ಜಾಸ್ತಿ ತಪ್ಪುತ್ತದೆ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಇಂಥ ಸಮೀಕರಣಕ್ಕೆ ಪೆನ್ನು ಹಿಡಿದು ಬರೆಯಬಹುದಾದ ಉತ್ತರ ಸಿಗುವುದಿಲ್ಲ. ಅಂಕಿಗಳಲ್ಲೇ ಬಿಡಿಸಬೇಕು. ಈ ಕೆಲಸಕ್ಕೆ ಕೈ ಹಾಕಿದವರು ಇಂಗ್ಲೆಂಡಿನ ಜಾನ್ ಕ್ರ್ಯಾಂಕ್ ಮತ್ತು ಫಿಲ್ಲಿಸ್ ನಿಕಲ್ಸನ್. ಇಬ್ಬರೂ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಗಣಿತ–ಭೌತ ವಿಜ್ಞಾನಿ ಡಗ್ಲಸ್ ಹಾರ್ಟ್ರಿ ಅವರ ಗುಂಪಿನಲ್ಲಿ ಲೆಕ್ಕದ ಕೆಲಸ ಮಾಡಿದವರು. ಮರದ ದಹನದ ಬಗ್ಗೆ ಕ್ರ್ಯಾಂಕ್ ಅವರು ಬ್ಯಾಮ್‌ಫರ್ಡ್ ಮತ್ತು ಮಲಾನ್ ಜೊತೆ ಬರೆದ ಲೇಖನ 1946ರಲ್ಲಿ ಬಂತು. ನಿಕಲ್ಸನ್ ಜೊತೆ ಬರೆದದ್ದು 1947ರಲ್ಲಿ ಕೇಂಬ್ರಿಜ್ ಫಿಲಸಾಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಆ ಲೇಖನದ ಹೆಸರಿನಲ್ಲೇ ಇದು ಕೆಲಸಕ್ಕೆ ಬರುವ ವಿಧಾನ ಎಂದು ಹೇಳಿಕೊಂಡಿದ್ದಾರೆ. ಇವತ್ತು ಎಂಜಿನಿಯರಿಂಗ್ ಗಣಿತ ಓದಿದವರೆಲ್ಲ ಬಾಯಿಪಾಠ ಮಾಡುವ ಕ್ರ್ಯಾಂಕ್–ನಿಕಲ್ಸನ್ ಸೂತ್ರ ಹುಟ್ಟಿದ್ದು ಅಲ್ಲಿ. ಸೂತ್ರ ಎಲ್ಲರಿಗೂ ಗೊತ್ತು. ಅದು ಯಾವ ಕಷ್ಟಕ್ಕೆ ಬಂದ ಉತ್ತರ, ಮತ್ತು ಎಲ್ಲಿ ಕೈ ಕೊಡುತ್ತದೆ ಎನ್ನುವುದು ಪಾಠದಲ್ಲಿ ಬರುವುದು ಕಡಿಮೆ. ನನಗೆ ಮುಖ್ಯ ಅನ್ನಿಸುವುದು ಅದೇ.

ಮುಂದಕ್ಕೆ ಹೆಜ್ಜೆ ಇಡುವ ಹಳೆಯ ದಾರಿ

ಹಲಗೆಯ ದಪ್ಪವನ್ನು ಸಮ ಅಂತರದ ಬಿಂದುಗಳಾಗಿ ಒಡೆಯಿರಿ. ಸಮಯವನ್ನೂ ಸಣ್ಣ ಹೆಜ್ಜೆಗಳಾಗಿ ಒಡೆಯಿರಿ. ಈಗಿನ ಹೆಜ್ಜೆಯಲ್ಲಿ ಎಲ್ಲ ಬಿಂದುಗಳ ಬಿಸಿ ಗೊತ್ತು. ಮುಂದಿನ ಹೆಜ್ಜೆಯಲ್ಲಿ ಒಂದು ಬಿಂದುವಿನ ಬಿಸಿ ಬೇಕು. ಅದರ ಈಗಿನ ಬಿಸಿ, ಎಡಗಡೆಯವರ ಬಿಸಿ, ಬಲಗಡೆಯವರ ಬಿಸಿ, ಈ ಮೂರನ್ನು ತಕ್ಕ ತೂಕ ಕೊಟ್ಟು ಕೂಡಿದರೆ ಸಿಕ್ಕಿತು. ಇದನ್ನು ಎಕ್ಸ್‌ಪ್ಲಿಸಿಟ್ ವಿಧಾನ ಅನ್ನುತ್ತಾರೆ. ಒಂದೊಂದು ಬಿಂದುವಿಗೂ ಒಂದೇ ಸಾಲಿನ ಲೆಕ್ಕ.

ತೂಕಗಳನ್ನು ನಿರ್ಧರಿಸುವುದು ಒಂದೇ ಸಂಖ್ಯೆ. ವಸ್ತುವಿನ ಶಾಖ ಪ್ರಸರಣ ಗುಣಾಂಕವನ್ನು ಸಮಯದ ಹೆಜ್ಜೆಯಿಂದ ಗುಣಿಸಿ, ಬಿಂದುಗಳ ನಡುವಿನ ಅಂತರದ ವರ್ಗದಿಂದ ಭಾಗಿಸಿದರೆ ಬರುವುದು ಅದು. ಈ ಬರಹದಲ್ಲಿ ಅದನ್ನು ಸುಮ್ನೆ 'ಅನುಪಾತ' ಅಂತ ಕರೆಯುತ್ತೇನೆ. ಪಕ್ಕದ ಎರಡೂ ಬಿಂದುಗಳಿಗೆ ಸಿಗುವ ತೂಕ ಅನುಪಾತದಷ್ಟು. ತನ್ನದೇ ಹಳೆಯ ಬಿಸಿಗೆ ಸಿಗುವ ತೂಕ, 1ರಿಂದ ಅನುಪಾತದ ಎರಡರಷ್ಟು ಕಳೆದು ಉಳಿದದ್ದು. ಅನುಪಾತ ಅರ್ಧ ದಾಟಿತು ಅಂದರೆ ಈ ತೂಕ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಅಂದರೆ ಈಗ ಬಿಸಿ ಜಾಸ್ತಿ ಇದ್ದಷ್ಟೂ ಮುಂದೆ ತಣ್ಣಗಾಗಬೇಕು ಎಂದು ಲೆಕ್ಕ ಹೇಳತೊಡಗುತ್ತದೆ.

ಕೈಯಲ್ಲೇ ಮಾಡಿ ನೋಡಬಹುದು. ಏಳು ಬಿಂದುಗಳಿರಲಿ. ಎರಡು ತುದಿಗಳು ಯಾವಾಗಲೂ ಸೊನ್ನೆ. ನಡುವಿನ ಬಿಂದುವಿನಲ್ಲಿ ಮಾತ್ರ 100, ಉಳಿದೆಡೆ ಸೊನ್ನೆ. ಅನುಪಾತ 1 ಇಟ್ಟುಕೊಳ್ಳೋಣ. ಆಗ ಹೊಸ ಬಿಸಿ ಅಂದರೆ ಎಡ, ಬಲ ಕೂಡಿಸಿ ತನ್ನದನ್ನು ಕಳೆಯುವುದು, ಅಷ್ಟೇ. ಮೊದಲ ಹೆಜ್ಜೆಗೆ ನಡುವೆ −100 ಬರುತ್ತದೆ, ಅದರ ಎರಡೂ ಪಕ್ಕ 100. ಎರಡನೇ ಹೆಜ್ಜೆಗೆ ನಡುವೆ 300, ಪಕ್ಕದಲ್ಲಿ −200. ಮೂರನೇ ಹೆಜ್ಜೆಗೆ ನಡುವೆ −700. ಹೊರಗಿಂದ ಯಾರೂ ಶಾಖ ಕೊಟ್ಟಿಲ್ಲ, ಆದರೂ ಅಂಕಿಗಳು ಬೆಳೆಯುತ್ತಲೇ ಇವೆ. ಕೂಡುವುದು ಕಳೆಯುವುದರಲ್ಲಿ ಎಲ್ಲೂ ತಪ್ಪಾಗಿಲ್ಲ. ಹೆಜ್ಜೆ ದೊಡ್ಡದಾಯಿತು, ಅದೊಂದೇ ಕಾರಣ.

ಈಗ ಇದನ್ನು ಹಲಗೆಗೆ ಹಚ್ಚಿ. ಮರದಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ. ಪ್ರಸರಣ ಗುಣಾಂಕ ಸೆಕೆಂಡಿಗೆ 0.15 ಚದರ ಮಿಲಿಮೀಟರ್ ಎಂದು ಇಟ್ಟುಕೊಳ್ಳೋಣ. 20 ಮಿಲಿಮೀಟರ್ ದಪ್ಪದ ಹಲಗೆಯಲ್ಲಿ ಒಂದೊಂದು ಮಿಲಿಮೀಟರಿಗೆ ಒಂದು ಬಿಂದು ಇಟ್ಟರೆ ಒಳಗಡೆ 19 ಬಿಂದುಗಳು. ಅನುಪಾತ ಅರ್ಧ ದಾಟಬಾರದು ಅಂದರೆ ಸಮಯದ ಹೆಜ್ಜೆ 3.33 ಸೆಕೆಂಡಿಗಿಂತ ದೊಡ್ಡದಾಗುವಂತಿಲ್ಲ. ಅರ್ಧ ಗಂಟೆಯ ಕಥೆಗೆ 540 ಹೆಜ್ಜೆ, ಒಟ್ಟು 10,260 ಲೆಕ್ಕ. ಉರಿಯುವ ಪದರ ತೆಳುವಾಗಿರುತ್ತದೆ, ಅದನ್ನು ಸರಿಯಾಗಿ ಹಿಡಿಯಲು ಅಂತರವನ್ನು ಅರ್ಧ ಮಿಲಿಮೀಟರಿಗೆ ಇಳಿಸಿದಿರಿ ಅನ್ನಿ. ಬಿಂದುಗಳು 39 ಆದವು. ಆದರೆ ಹೆಜ್ಜೆಯ ಮಿತಿ ವರ್ಗದ ಲೆಕ್ಕದಲ್ಲಿ ಕುಗ್ಗುತ್ತದೆ, 0.83 ಸೆಕೆಂಡಿಗೆ. ಹೆಜ್ಜೆಗಳು 2,160. ಒಟ್ಟು 84,240 ಲೆಕ್ಕ. ಅಂತರ ಅರ್ಧವಾದರೆ ಕೆಲಸ ಸುಮಾರು ಎಂಟು ಪಟ್ಟು.

ಇದು ಕಂಪ್ಯೂಟರ್ ಇಲ್ಲದ ಕಾಲದ ಮಾತು ಅನ್ನುವುದನ್ನು ಮರೆಯಬಾರದು. ಲೂಯಿಸ್ ಫ್ರೈ ರಿಚರ್ಡ್‌ಸನ್ 1910ರಲ್ಲಿ ರಾಯಲ್ ಸೊಸೈಟಿಗೆ ಕೊಟ್ಟ ಲೇಖನದಲ್ಲಿ, ಅಣೆಕಟ್ಟೆಯ ಗೋಡೆಯೊಳಗಿನ ಒತ್ತಡಗಳನ್ನು ಹುಡುಗರನ್ನು ಕೂರಿಸಿ ಲೆಕ್ಕ ಹಾಕಿಸಿದ್ದನ್ನು ಬರೆದಿದ್ದಾರೆ. ಲೆಕ್ಕಕ್ಕಿಷ್ಟು ಅಂತ ಕೂಲಿ. ಚುರುಕಾದ ಹುಡುಗ ಮೂರು ಅಂಕಿಯ ಸಂಖ್ಯೆಗಳಲ್ಲಿ ವಾರಕ್ಕೆ ಸರಾಸರಿ 2,000 ಲೆಕ್ಕ ಮಾಡುತ್ತಿದ್ದ, ತಪ್ಪಾದವನ್ನು ಬಿಟ್ಟು. ಅದೇ ವೇಗ ಅಂದುಕೊಂಡರೆ ನಮ್ಮ ಒಂದು ಮಿಲಿಮೀಟರ್ ಹಲಗೆಗೆ ಐದು ವಾರ ಬೇಕು. ಅರ್ಧ ಮಿಲಿಮೀಟರಿನದಕ್ಕೆ 42 ವಾರ. ಅದೂ ಮರ ಒಡೆಯುವ ಲೆಕ್ಕವನ್ನು ಇನ್ನೂ ಸೇರಿಸಿಲ್ಲ.

ಅದೇ ಲೇಖನದಲ್ಲಿ ರಿಚರ್ಡ್‌ಸನ್ ಶಾಖದ ಸಮೀಕರಣಕ್ಕೂ ಒಂದು ವಿಧಾನ ಕೊಟ್ಟರು. ಹಿಂದಿನ ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ, ಈಗಿನದನ್ನು ನಡುವೆ ಇಟ್ಟುಕೊಂಡು ಜಿಗಿಯುವ ವಿಧಾನ. ಕಾಗದದ ಮೇಲೆ ಅದು ಹೆಚ್ಚು ನಿಖರ. ಆದರೆ ಹೆಜ್ಜೆ ಎಷ್ಟೇ ಚಿಕ್ಕದಿರಲಿ, ಅದು ಕೊನೆಗೆ ಕುಣಿದೇ ತೀರುತ್ತದೆ. ಅವರು ಹಾಕಿದ್ದು ಕೆಲವೇ ಹೆಜ್ಜೆ, ಹಾಗಾಗಿ ರೋಗ ಹೊರಗೆ ಕಾಣಲಿಲ್ಲ. ಇದು ಇವತ್ತಿಗೂ ಎಚ್ಚರಿಕೆಯ ವಿಷಯ: ನಾಲ್ಕೈದು ಹೆಜ್ಜೆ ಚೆನ್ನಾಗಿ ಬಂತು ಎಂದು ವಿಧಾನವನ್ನು ನಂಬುವ ಹಾಗಿಲ್ಲ.

ಯಂತ್ರದ ದಾರಿ

ಮ್ಯಾಂಚೆಸ್ಟರಿನಲ್ಲಿ ಇನ್ನೊಂದು ಅನುಕೂಲ ಇತ್ತು. ಹಾರ್ಟ್ರಿ ಮತ್ತು ಆರ್ಥರ್ ಪೋರ್ಟರ್ 1934ರಲ್ಲಿ ಮಕ್ಕಳ ಆಟಿಕೆಯಾದ ಮೆಕ್ಯಾನೊ ತುಂಡುಗಳಿಂದ ಒಂದು ಡಿಫರೆನ್ಷಿಯಲ್ ಅನಲೈಸರ್ ಮಾಡಿದ್ದರು. ಮರುವರ್ಷ ಮೆಟ್ರೊಪಾಲಿಟನ್–ವಿಕರ್ಸ್ ಕಂಪನಿ ಕಟ್ಟಿದ ದೊಡ್ಡ ಯಂತ್ರ ಬಂತು. ತಿರುಗುವ ದಂಡಗಳು, ಗಾಲಿ, ತಟ್ಟೆಗಳಿಂದ ಸಾಮಾನ್ಯ ಅವಕಲ ಸಮೀಕರಣಗಳನ್ನು ಬಿಡಿಸುವ ಯಂತ್ರ ಅದು. ಸಾಮಾನ್ಯ ಅಂದರೆ ಒಂದೇ ಚರದ್ದು. ನಮ್ಮದರಲ್ಲಿ ಜಾಗ, ಸಮಯ ಎರಡೂ ಇವೆ. ಹಾಗಾಗಿ ಎರಡರಲ್ಲಿ ಒಂದನ್ನು ತುಂಡು ಮಾಡಿ, ಇನ್ನೊಂದನ್ನು ಯಂತ್ರಕ್ಕೆ ಬಿಡಬೇಕು.

ಹಾರ್ಟ್ರಿ ಮತ್ತು ವೊಮರ್ಸ್ಲಿ 1937ರಲ್ಲಿ ಸಮಯವನ್ನು ತುಂಡು ಮಾಡಿ ನೋಡಿದರು. ಆಗ ಪ್ರತಿ ಸಮಯದ ಹೆಜ್ಜೆಗೂ ಯಂತ್ರ ಹಲಗೆಯ ಒಂದು ಮುಖದಿಂದ ಇನ್ನೊಂದು ಮುಖದವರೆಗೆ ಓಡಬೇಕು. ಆದರೆ ಷರತ್ತು ಎರಡೂ ಮುಖದಲ್ಲಿದೆ. ಈ ಕಡೆ ಒಂದು ಊಹೆ ಇಟ್ಟು ಓಡಿಸುವುದು, ಆ ಕಡೆ ಸರಿಹೋಗದಿದ್ದರೆ ಊಹೆ ಬದಲಿಸಿ ಮತ್ತೆ ಓಡಿಸುವುದು. ಪ್ರತಿ ಹೆಜ್ಜೆಗೂ ಇದೇ ಪಾಡು. ಇನ್ನೊಂದು ದಾರಿ ಜಾಗವನ್ನು ತುಂಡು ಮಾಡಿ ಸಮಯವನ್ನು ಯಂತ್ರಕ್ಕೆ ಬಿಡುವುದು. ಆಗ ಎಷ್ಟು ಬಿಂದು ಇಡಬಹುದು ಎನ್ನುವುದು ಯಂತ್ರದಲ್ಲಿ ಎಷ್ಟು ಇಂಟಿಗ್ರೇಟರ್ (ಬದಲಾವಣೆಗಳನ್ನು ಕೂಡಿಸುತ್ತಾ ಹೋಗುವ ಗಾಲಿ–ತಟ್ಟೆಯ ಘಟಕ) ಇವೆ ಎನ್ನುವುದರ ಮೇಲೆ ನಿಲ್ಲುತ್ತದೆ. ಬೆರಳೆಣಿಕೆಯ ಬಿಂದುಗಳಷ್ಟೇ.

ಕ್ರ್ಯಾಂಕ್ ಮತ್ತು ನಿಕಲ್ಸನ್ ಈ ಎರಡನ್ನೂ ಅಕ್ಕಪಕ್ಕ ಇಟ್ಟು, ಜಾಗ ಮತ್ತು ಸಮಯ ಎರಡನ್ನೂ ತುಂಡು ಮಾಡುವ ಮೂರನೆಯ ದಾರಿಯನ್ನು ಮುಂದಿಟ್ಟರು. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಮೇಜಿನ ಮೇಲಿನ ಕೈಯಂತ್ರ ಸಾಕು. ಆದರೆ ಎಕ್ಸ್‌ಪ್ಲಿಸಿಟ್ ಹೆಜ್ಜೆಯ ಸೆರೆಯಿಂದ ಬಿಡಿಸಿಕೊಳ್ಳಬೇಕಿತ್ತಲ್ಲ, ಅದನ್ನು ಮಾಡಿದ ರೀತಿಯೇ ಈ ಪ್ರಕರಣದ ತಿರುಳು.

ಗೊತ್ತಿಲ್ಲದ್ದನ್ನು ಎರಡೂ ಕಡೆ ಇಡುವುದು

ಎಕ್ಸ್‌ಪ್ಲಿಸಿಟ್ ವಿಧಾನದಲ್ಲಿ ಪಕ್ಕದವರಿಂದ ಹರಿದು ಬರುವ ಶಾಖವನ್ನು ಅಳೆಯುವುದು ಹೆಜ್ಜೆಯ ಶುರುವಿನಲ್ಲಿ. ಅದನ್ನೇ ಹೆಜ್ಜೆಯ ಕೊನೆಯಲ್ಲಿ ಅಳೆದರೆ? ಕೊನೆಯ ಬಿಸಿ ಇನ್ನೂ ಗೊತ್ತಿಲ್ಲ, ನಿಜ. ಹಾಗಾಗಿ ಒಂದು ಬಿಂದುವಿನ ಸಮೀಕರಣದಲ್ಲಿ ಮೂರು ಗೊತ್ತಿಲ್ಲದ ಸಂಖ್ಯೆಗಳು ಬರುತ್ತವೆ: ಅದರದ್ದೇ ಹೊಸ ಬಿಸಿ, ಎಡದ್ದು, ಬಲದ್ದು. ಒಂದನ್ನೇ ಬಿಡಿಸಲು ಆಗುವುದಿಲ್ಲ. ಎಲ್ಲ ಬಿಂದುಗಳ ಸಮೀಕರಣಗಳನ್ನೂ ಒಟ್ಟಿಗೆ ಬಿಡಿಸಬೇಕು. ಇಂಪ್ಲಿಸಿಟ್ ವಿಧಾನ ಅಂದರೆ ಇದೇ.

ಶುರುವಿನಲ್ಲಿ ಅಳೆಯುವುದು ಒಂದು ತುದಿ, ಕೊನೆಯಲ್ಲಿ ಅಳೆಯುವುದು ಇನ್ನೊಂದು ತುದಿ. ಕ್ರ್ಯಾಂಕ್–ನಿಕಲ್ಸನ್ ಎರಡರ ಸರಾಸರಿ ತೆಗೆದುಕೊಳ್ಳುತ್ತದೆ. ಹೀಗೆ ಮಾಡಿದರೆ ಸಮೀಕರಣ ಹೆಜ್ಜೆಯ ಸರಿ ನಡುವಿನಲ್ಲಿ ನಿಲ್ಲುತ್ತದೆ. ಅದರಿಂದ ಸಿಗುವ ಲಾಭ ದೊಡ್ಡದು: ಸಮಯದ ಹೆಜ್ಜೆ ಅರ್ಧ ಮಾಡಿದರೆ ತಪ್ಪು ಕಾಲು ಭಾಗಕ್ಕೆ ಇಳಿಯುತ್ತದೆ. ಪೂರ್ತಿ ಕೊನೆಯಲ್ಲಿ ಅಳೆಯುವ ವಿಧಾನದಲ್ಲಿ ತಪ್ಪು ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಆ ಪೂರ್ತಿ ಇಂಪ್ಲಿಸಿಟ್ ವಿಧಾನವನ್ನು ಪೆಂಟ್ಟಿ ಲಾಸೊನೆನ್ 1949ರಲ್ಲಿ ವಿವರವಾಗಿ ನೋಡಿದರು. ಲೆಕ್ಕಕ್ಕೆ ಅದು ಸುಲಭ, ಮೊದಲು ಅದನ್ನೇ ಮಾಡೋಣ.

ಅದೇ ಏಳು ಬಿಂದು, ನಡುವೆ 100, ಅನುಪಾತ 1. ಎರಡೂ ಕಡೆ ಒಂದೇ ಥರ ಇರುವುದರಿಂದ ಗೊತ್ತಿಲ್ಲದವು ಮೂರೇ. ತುದಿಯ ಪಕ್ಕದ ಬಿಂದುವಿನ ಹೊಸ ಬಿಸಿ 'ಕ', ಅದರ ಒಳಗಿನದ್ದು 'ಖ', ನಡುವಿನದು 'ಗ'. ಸಮೀಕರಣಗಳು ಹೀಗೆ:

3ಕ − ಖ = 0
3ಖ − ಕ − ಗ = 0
3ಗ − 2ಖ = 100

ಮೊದಲನೆಯದರಿಂದ ಖ ಅಂದರೆ 3ಕ. ಅದನ್ನು ಎರಡನೆಯದರಲ್ಲಿ ಹಾಕಿದರೆ ಗ ಅಂದರೆ 8ಕ. ಮೂರನೆಯದರಲ್ಲಿ ಹಾಕಿದರೆ 24ಕ − 6ಕ = 100. ಕ 5.6, ಖ 16.7, ಗ 44.4. ಎಲ್ಲೂ ಋಣ ಸಂಖ್ಯೆ ಇಲ್ಲ, ನಡುವೆ ಎತ್ತರ, ಎರಡೂ ಕಡೆ ಇಳಿಜಾರು. ಒಟ್ಟು ಶಾಖವನ್ನೂ ತಾಳೆ ನೋಡಿ. ಐದೂ ಬಿಂದುಗಳನ್ನು ಕೂಡಿದರೆ 88.9. ಎರಡು ತುದಿಗಳಿಂದ ಹೊರಗೆ ಹೋದದ್ದು ತಲಾ 5.6ರಂತೆ 11.1. ಕೂಡಿದರೆ ಸರಿಯಾಗಿ 100. ಇಂಥ ತಾಳೆಯನ್ನು ಯಾವ ಲೆಕ್ಕದಲ್ಲೂ ಬಿಡಬಾರದು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ಎಕ್ಸ್‌ಪ್ಲಿಸಿಟ್ ಲೆಕ್ಕದಲ್ಲಿ ಒಂದು ಹೆಜ್ಜೆಗೆ ಶಾಖ ಒಂದು ಬಿಂದುವಷ್ಟೇ ಆಚೆ ಹೋಯಿತು. ಇಂಪ್ಲಿಸಿಟ್ ಲೆಕ್ಕದಲ್ಲಿ ಒಂದೇ ಹೆಜ್ಜೆಗೆ ತುದಿಯ ಪಕ್ಕದ ಬಿಂದುವಿಗೂ ಸುದ್ದಿ ಮುಟ್ಟಿತು. ಶಾಖದ ಸಮೀಕರಣದ ಸ್ವಭಾವವೇ ಅದು. ಒಂದು ಕಡೆ ಆದ ಬದಲಾವಣೆ ಆ ಕ್ಷಣವೇ ಎಲ್ಲ ಕಡೆ ಮುಟ್ಟುತ್ತದೆ, ದೂರ ಹೋದಂತೆ ತುಂಬಾ ಕಡಿಮೆ ಆಗಿ. ಎಲ್ಲ ಬಿಂದುಗಳನ್ನೂ ಒಟ್ಟಿಗೆ ಕಟ್ಟಿ ಬಿಡಿಸುವುದರಿಂದ ಈ ಸ್ವಭಾವ ಲೆಕ್ಕದಲ್ಲೂ ಉಳಿಯುತ್ತದೆ. ದೊಡ್ಡ ಹೆಜ್ಜೆಯನ್ನು ಅದು ತಡೆದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಒಟ್ಟಿಗೆ ಬಿಡಿಸುವುದು ದುಬಾರಿ ಅಲ್ವಾ ಎಂದು ಕೇಳಬಹುದು. ಮೇಲೆ ಮಾಡಿದ್ದನ್ನೇ ನೋಡಿ. ಪ್ರತಿ ಸಾಲಿನಲ್ಲೂ ಮೂರೇ ಗೊತ್ತಿಲ್ಲದವು ಇರುವುದರಿಂದ ಒಂದು ತುದಿಯಿಂದ ಶುರು ಮಾಡಿ ಒಂದೊಂದನ್ನೇ ತೆಗೆಯುತ್ತಾ ಹೋಗಬಹುದು. ಆಮೇಲೆ ಅದೇ ದಾರಿಯಲ್ಲಿ ಹಿಂದೆ ಬಂದರೆ ಎಲ್ಲ ಉತ್ತರಗಳೂ ಸಿಗುತ್ತವೆ. ಲ್ಯೂವೆಲಿನ್ ಥಾಮಸ್ 1949ರಲ್ಲಿ ಇದನ್ನು ಬರೆದಿಟ್ಟರು, ಅದಕ್ಕೇ ಥಾಮಸ್ ಅಲ್ಗಾರಿದಮ್ ಎಂಬ ಹೆಸರು. ಒಂದು ಬಿಂದುವಿಗೆ ಸುಮಾರು ಎಂಟು ಗುಣಾಕಾರ, ಭಾಗಾಕಾರ, ಕೂಡು–ಕಳೆ. ಬಿಂದುಗಳು ಎರಡು ಪಟ್ಟಾದರೆ ಕೆಲಸವೂ ಎರಡೇ ಪಟ್ಟು. ನಮ್ಮ ಅರ್ಧ ಮಿಲಿಮೀಟರ್ ಹಲಗೆಗೆ 10 ಸೆಕೆಂಡಿನ ಹೆಜ್ಜೆ ಇಟ್ಟರೆ ಅನುಪಾತ 6. ಅರ್ಧ ಗಂಟೆಗೆ 180 ಹೆಜ್ಜೆ, 39 ಬಿಂದು, ಒಟ್ಟು 7,020 ಗೊತ್ತಿಲ್ಲದವು. ಒಂದೊಂದಕ್ಕೂ ಎಕ್ಸ್‌ಪ್ಲಿಸಿಟ್‌ಗಿಂತ ಎರಡು–ಮೂರು ಪಟ್ಟು ಕೆಲಸ ಅಂದುಕೊಂಡರೂ 84,240ರ ಕಾಲು ಭಾಗಕ್ಕೆ ಮುಗಿಯುತ್ತದೆ. ಅಂತರವನ್ನು ಇನ್ನೂ ಇಳಿಸಿದಷ್ಟೂ ಲಾಭ ಜಾಸ್ತಿ.

ಸ್ಥಿರ ಅಂದಮಾತ್ರಕ್ಕೆ ಸರಿ ಅಲ್ಲ

ಈಗ ಅದೇ ಏಳು ಬಿಂದುಗಳಿಗೆ ಕ್ರ್ಯಾಂಕ್–ನಿಕಲ್ಸನ್ ಹಚ್ಚೋಣ. ಅನುಪಾತ 1. ಸಮೀಕರಣಗಳು:

4ಕ − ಖ = 0
4ಖ − ಕ − ಗ = 100
4ಗ − 2ಖ = 0

ಬಿಡಿಸಿದರೆ ಕ 7.7, ಖ 30.8, ಗ 15.4.

ಇದನ್ನು ನಿಧಾನವಾಗಿ ನೋಡಿ. ಶಾಖ ಇಟ್ಟದ್ದು ನಡುವಿನಲ್ಲಿ. ಒಂದು ಹೆಜ್ಜೆಯ ನಂತರ ನಡುವೆ 15.4, ಅದರ ಎರಡೂ ಪಕ್ಕ 30.8. ನಡುವೆ ಗುಂಡಿ ಬಿದ್ದಿದೆ! ಶಾಖ ಹರಡುವಾಗ ಇಂಥದ್ದು ಆಗಲು ಸಾಧ್ಯವೇ ಇಲ್ಲ. ಒಟ್ಟು ಶಾಖ ತಾಳೆಯಾಗುತ್ತದೆ. ಋಣ ಸಂಖ್ಯೆ ಇಲ್ಲ. ಅಂಕಿಗಳು ಬೆಳೆದು ಸ್ಫೋಟಿಸುವುದೂ ಇಲ್ಲ. ಆದರೂ ಚಿತ್ರ ಸುಳ್ಳು. ಇನ್ನೊಂದು ಹೆಜ್ಜೆ ಹಾಕಿದರೆ 11.2, 14.2, 22.5 ಬರುತ್ತದೆ, ಗುಂಡಿ ತುಂಬಿಕೊಂಡು ಮತ್ತೆ ನಡುವೆ ಎತ್ತರವಾಗುತ್ತದೆ.

ಸರಿಯಾದ ಉತ್ತರ ಎಷ್ಟು? ಬಿಂದುಗಳನ್ನು ಹೀಗೇ ಇಟ್ಟು ಸಮಯವನ್ನು ತುಂಡು ಮಾಡದೆ ಬಿಡಿಸಿದರೆ ಮೊದಲ ಹೆಜ್ಜೆಯ ಕೊನೆಗೆ 8.6, 21.4, 30.8 ಇರಬೇಕು. ಪೂರ್ತಿ ಇಂಪ್ಲಿಸಿಟ್ ಕೊಟ್ಟದ್ದು 5.6, 16.7, 44.4. ಅದರ ಆಕಾರ ಸರಿ, ಆದರೆ ಶಾಖ ಹರಡಿದ್ದು ಸಾಲದು. ಕ್ರ್ಯಾಂಕ್–ನಿಕಲ್ಸನ್ ಕೊಟ್ಟದ್ದರಲ್ಲಿ ಆಕಾರವೇ ತಪ್ಪು. ಎರಡೂ 'ಯಾವ ಹೆಜ್ಜೆಗೂ ಸ್ಥಿರ' ಎಂದು ಹೆಸರು ಪಡೆದ ವಿಧಾನಗಳೇ. ಆ ಹೆಸರಿನ ಅರ್ಥ ತಪ್ಪು ಬೆಳೆಯುವುದಿಲ್ಲ ಅನ್ನುವುದಷ್ಟೇ. ತಪ್ಪು ಚಿಕ್ಕದು ಎಂದು ಅದು ಎಲ್ಲೂ ಮಾತು ಕೊಟ್ಟಿಲ್ಲ. ಪಾಠದಲ್ಲಿ ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಅನುಪಾತವನ್ನು 10ಕ್ಕೆ ಏರಿಸಿ ನೋಡಿ. ಕ್ರ್ಯಾಂಕ್–ನಿಕಲ್ಸನ್ ನಡುವಿನ ಬಿಂದುವಿಗೆ −62 ಕೊಡುತ್ತದೆ. ಪೂರ್ತಿ ಇಂಪ್ಲಿಸಿಟ್ 11.5 ಕೊಡುತ್ತದೆ.

ಹೀಗೇಕೆ? ಬಿಂದುಗಳ ಮೇಲಿನ ಯಾವ ಆಕಾರವನ್ನೂ ಅಲೆಗಳಾಗಿ ಬಿಡಿಸಬಹುದು. ಅದರಲ್ಲಿ ಅತಿ ಚಿಕ್ಕ ಅಲೆ ಒಂದು ಬಿಂದುವಿನಲ್ಲಿ ಮೇಲೆ, ಪಕ್ಕದ್ದರಲ್ಲಿ ಕೆಳಗೆ, ಹೀಗೆ ಹೋಗುವಂಥದ್ದು. ನಿಜವಾದ ಶಾಖದಲ್ಲಿ ಈ ಅಲೆ ಎಲ್ಲಕ್ಕಿಂತ ಬೇಗ ಸಾಯುತ್ತದೆ. ಅನುಪಾತ 10 ಇದ್ದಾಗ ಪೂರ್ತಿ ಇಂಪ್ಲಿಸಿಟ್ ಒಂದೇ ಹೆಜ್ಜೆಗೆ ಅದನ್ನು 41ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಕ್ರ್ಯಾಂಕ್–ನಿಕಲ್ಸನ್ ಅದನ್ನು −19/21ರಿಂದ ಗುಣಿಸುತ್ತದೆ. ಅಂದರೆ ಪ್ರತಿ ಹೆಜ್ಜೆಗೂ ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ಗಾತ್ರ ಇಳಿಯುವುದು ನೂರಕ್ಕೆ ಹತ್ತರ ಹತ್ತಿರ ಮಾತ್ರ. ಹತ್ತು ಹೆಜ್ಜೆ ಕಳೆದರೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿದಿರುತ್ತದೆ. ಅಲೆಗಳನ್ನು ಒಂದೊಂದಾಗಿ ನೋಡಿ ಸ್ಥಿರತೆ ಪರೀಕ್ಷಿಸುವ ಈ ರೀತಿ ಫಾನ್ ನಾಯ್ಮನ್ ಅವರದ್ದು. ಒಬ್ರಿಯನ್, ಹೈಮನ್, ಕ್ಯಾಪ್ಲನ್ ಮೂವರೂ 1950ರಲ್ಲಿ ಅದನ್ನು ಬರೆದು ಎಲ್ಲರ ಕೈಗೆ ಸಿಗುವಂತೆ ಮಾಡಿದರು, ಕ್ರ್ಯಾಂಕ್–ನಿಕಲ್ಸನ್ ಲೇಖನ ಬಂದ ಮೇಲೆ.

ಆರಂಭದ ಆಕಾರ ನುಣುಪಾಗಿದ್ದರೆ ಚಿಕ್ಕ ಅಲೆಗಳೇ ಇರುವುದಿಲ್ಲ. ಆಗ ಕ್ರ್ಯಾಂಕ್–ನಿಕಲ್ಸನ್ ಬಹಳ ಒಳ್ಳೆಯ ಸೂತ್ರ. ಆದರೆ ಹಲಗೆಯ ಪ್ರಕರಣ ಅಂಥದ್ದಲ್ಲ. ತಣ್ಣಗಿದ್ದ ಮುಖಕ್ಕೆ ದಿಢೀರನೆ ಬೆಂಕಿ ತಾಗುತ್ತದೆ. ಮೊದಲ ಕ್ಷಣದಲ್ಲೇ ದೊಡ್ಡ ಜಿಗಿತ ಇದೆ. ಅಲ್ಲಿ ಹುಟ್ಟುವ ಸುಳ್ಳು ಏರಿಳಿತ ಬರೀ ನೋಡಲು ಕೆಟ್ಟದಾಗಿ ಇದ್ದು ಸುಮ್ಮನಾಗುವುದಿಲ್ಲ. ಮೊದಲು ಹೇಳಿದ ಮಾತು ಇಲ್ಲಿ ಬರುತ್ತದೆ: ಇಪ್ಪತ್ತು ಡಿಗ್ರಿ ಹೆಚ್ಚಾದರೆ ಮರ ಎರಡು ಪಟ್ಟಿಗಿಂತ ಬೇಗ ಒಡೆಯುತ್ತದೆ. ಒಂದು ಬಿಂದುವಿನಲ್ಲಿ ಸುಳ್ಳು ಬಿಸಿ ಬಂದರೆ ಅಲ್ಲಿನ ಮರ ಲೆಕ್ಕದಲ್ಲಿ ಉರಿದುಹೋಗುತ್ತದೆ. ಮುಂದಿನ ಹೆಜ್ಜೆಗೆ ಬಿಸಿ ಸರಿಯಾದ ಜಾಗಕ್ಕೆ ಇಳಿಯಬಹುದು. ಉರಿದ ಮರ ಮಾತ್ರ ವಾಪಸ್ ಬರುವುದಿಲ್ಲ. ತಪ್ಪು ತಾನಾಗಿ ತಣ್ಣಗಾಗುತ್ತದೆ ಎಂಬ ಭರವಸೆ ಇಂಥ ಸಮೀಕರಣದಲ್ಲಿ ನಡೆಯುವುದಿಲ್ಲ.

ಹಲಗೆಯ ಲೆಕ್ಕವನ್ನು ಹೇಗೆ ನಡೆಸಬೇಕು

ಇದೇ ಲೆಕ್ಕವನ್ನು ಇವತ್ತು ಯಾರಾದರೂ ಮಾಡಲು ಹೊರಟರೆ ನಾನು ಹೇಳುವುದು ಹೀಗೆ. ಮೊದಲ ಎರಡು ಅಥವಾ ನಾಲ್ಕು ಅರ್ಧ ಹೆಜ್ಜೆಗಳನ್ನು ಪೂರ್ತಿ ಇಂಪ್ಲಿಸಿಟ್‌ನಲ್ಲಿ ಇಡಿ. ಜಿಗಿತದಿಂದ ಬಂದ ಚಿಕ್ಕ ಅಲೆಗಳು ಅಲ್ಲೇ ಸಾಯುತ್ತವೆ. ಆಮೇಲೆ ಕ್ರ್ಯಾಂಕ್–ನಿಕಲ್ಸನ್‌ಗೆ ಬನ್ನಿ. ಒಟ್ಟಾರೆ ನಿಖರತೆ ಕೆಡುವುದಿಲ್ಲ. ರೋಲ್ಫ್ ರಾನಾಕರ್ 1984ರಲ್ಲಿ ಇದಕ್ಕೆ ಗಣಿತದ ಆಧಾರ ಕೊಟ್ಟರು. ಷೇರು ಆಪ್ಷನ್‌ಗಳ ಬೆಲೆ ಕಟ್ಟುವವರೂ ಇದನ್ನೇ ಬಳಸುತ್ತಾರೆ, ಯಾಕೆಂದರೆ ಅಲ್ಲೂ ಶುರುವಿನ ಆಕಾರದಲ್ಲಿ ಮೂಲೆ ಅಥವಾ ಜಿಗಿತ ಇರುತ್ತದೆ.

ಮರ ಒಡೆಯುವ ಭಾಗಕ್ಕೆ ಬೇರೆ ಗಮನ ಬೇಕು. ವೇಗ ಬಿಸಿಯ ಮೇಲೆ ನಿಂತಿದೆ, ಬಿಸಿ ವೇಗದ ಮೇಲೆ ನಿಂತಿದೆ. ಹಾಗಾಗಿ ಒಂದೇ ಸಲಕ್ಕೆ ಬಿಡಿಸಲು ಆಗುವುದಿಲ್ಲ. ಹೊಸ ಬಿಸಿಯನ್ನು ಊಹಿಸಿ, ಅದರಿಂದ ಹುಟ್ಟುವ ಶಾಖ ಲೆಕ್ಕ ಹಾಕಿ, ಥಾಮಸ್ ದಾರಿಯಲ್ಲಿ ಬಿಸಿಯನ್ನು ಬಿಡಿಸಿ, ಊಹೆಯ ಜೊತೆ ಹೋಲಿಸಿ, ಮತ್ತೆ ಅದೇ ಸುತ್ತು. ಎರಡು ಸುತ್ತಿನ ನಡುವೆ ಎಲ್ಲೂ 0.1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲ ಎನ್ನುವವರೆಗೆ ಸುತ್ತಬೇಕು. ನಾಲ್ಕೈದು ಸುತ್ತಿಗೆ ನೆಲೆ ನಿಲ್ಲದಿದ್ದರೆ ಸುತ್ತು ಹೆಚ್ಚಿಸಬೇಡಿ, ಹೆಜ್ಜೆಯನ್ನೇ ಅರ್ಧ ಮಾಡಿ. ನೆಲೆ ನಿಲ್ಲದಿರುವುದು ಆ ಹೊತ್ತಿನಲ್ಲಿ ಏನೋ ವೇಗವಾಗಿ ನಡೆಯುತ್ತಿದೆ ಎನ್ನುವುದರ ಸೂಚನೆ.

ಉಳಿದ ಮರದ ಲೆಕ್ಕದಲ್ಲೂ ಅದೇ ಬಲೆ ಕಾದಿದೆ. ಸರಾಸರಿ ಸೂತ್ರ ಹಾಕಿದರೆ, ಒಂದು ಹೆಜ್ಜೆಯಲ್ಲಿ ಉಳಿಯುವ ಮರದ ಪಾಲು ಒಂದು ಭಿನ್ನರಾಶಿ. ಮೇಲೆ 1ರಿಂದ ವೇಗ–ಹೆಜ್ಜೆಗಳ ಗುಣಲಬ್ಧದ ಅರ್ಧ ಕಳೆದದ್ದು, ಕೆಳಗೆ 1ಕ್ಕೆ ಅದೇ ಅರ್ಧ ಕೂಡಿದ್ದು. ಆ ಗುಣಲಬ್ಧ 2 ದಾಟಿದರೆ ಉಳಿದ ಮರ ಸೊನ್ನೆಗಿಂತ ಕಡಿಮೆ ಎಂದು ಬರುತ್ತದೆ. ಇಲ್ಲಿ ಹೆಜ್ಜೆಯೊಳಗಿನ ಬಿಸಿಯನ್ನು ಒಂದೇ ಎಂದುಕೊಂಡು ಘಾತೀಯ ಸೂತ್ರವನ್ನೇ ನೇರವಾಗಿ ಹಾಕುವುದು ಮೇಲು. ಅದು ಯಾವತ್ತೂ ಸೊನ್ನೆಯ ಕೆಳಗೆ ಇಳಿಯುವುದಿಲ್ಲ.

ಹೆಜ್ಜೆ ಎಷ್ಟಿರಬೇಕು ಎನ್ನುವುದಕ್ಕೆ ಸ್ಥಿರತೆಯ ಸೂತ್ರ ಈಗ ಉತ್ತರ ಕೊಡುವುದಿಲ್ಲ, ಅದರ ಕಟ್ಟು ಹೋಯಿತು. ಹೆಜ್ಜೆಯನ್ನು ಆರಿಸಬೇಕಾದವರು ನಾವು. ಉರಿ ನಿಧಾನವಾಗಿ ಒಳಗೆ ಸಾಗುವಾಗ 10 ಸೆಕೆಂಡ್ ಇರಲಿ. ಹೊಸ ಪದರ ಹೊತ್ತಿಕೊಳ್ಳುವಾಗ ಒಂದೇ ಸೆಕೆಂಡಿಗೆ ಇಳಿಸಿ. ಯಾವ ಬಿಂದುವಿನ ಬಿಸಿಯೂ ಒಂದು ಹೆಜ್ಜೆಯಲ್ಲಿ 10 ಡಿಗ್ರಿಗಿಂತ ಜಾಸ್ತಿ ಬದಲಾಗಬಾರದು ಎಂಬ ಕಟ್ಟುಪಾಡು ಹಾಕಿಕೊಂಡರೆ ಹೆಜ್ಜೆ ತಾನಾಗಿ ಹಿಗ್ಗಿ ಕುಗ್ಗುತ್ತದೆ. ಕೊನೆಗೆ ಇಡೀ ಲೆಕ್ಕವನ್ನು ಆ ಮಿತಿಯನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಓಡಿಸಿ. ಎರಡೂ ಉತ್ತರಗಳು ಹೊಂದಿದರೆ ನಂಬಬಹುದು.

ಇಬ್ಬರ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಕ್ರ್ಯಾಂಕ್ 1945ರಿಂದ ಕೋರ್ಟಾಲ್ಡ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದು, ಆಮೇಲೆ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಪ್ರಸರಣದ ಗಣಿತದ ಬಗ್ಗೆ 1956ರಲ್ಲಿ ಅವರು ಬರೆದ ಪುಸ್ತಕ ಈಗಲೂ ಓದಿನಲ್ಲಿದೆ. ನಿಕಲ್ಸನ್ ಅವರ ಬದುಕು ಅಷ್ಟು ಸುಗಮವಾಗಿರಲಿಲ್ಲ. ಪತಿ ರೈಲು ಅಪಘಾತದಲ್ಲಿ ತೀರಿಕೊಂಡರು. ಲೀಡ್ಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದಲ್ಲಿ ಪತಿಯ ಹುದ್ದೆಯನ್ನೇ ಅವರು ವಹಿಸಿಕೊಂಡರು. 1968ರಲ್ಲಿ ಐವತ್ತು ದಾಟಿದ ಹೊಸತರಲ್ಲೇ ತೀರಿಕೊಂಡರು. ಸೂತ್ರದ ಅರ್ಧ ಹೆಸರು ಒಬ್ಬ ಹೆಣ್ಣುಮಗಳದ್ದು ಎಂದು ಅದನ್ನು ದಿನಾ ಬಳಸುವ ಎಷ್ಟೋ ಜನರಿಗೆ ಗೊತ್ತಿಲ್ಲ. ಪಾಠ ಮಾಡುವವರು ಹೇಳಬೇಕು.

ಹಲಗೆಯ ಅಂಚಿನಿಂದಲೂ ಬೆಂಕಿ ಹತ್ತಿಕೊಂಡರೆ ಲೆಕ್ಕ ಎರಡು ದಿಕ್ಕಿಗೆ ಹರಡುತ್ತದೆ. ಆಗ ಪ್ರತಿ ಬಿಂದುವಿಗೂ ನಾಲ್ಕು ನೆರೆಯವರು. 100ಕ್ಕೆ 100ರ ಜಾಲದಲ್ಲಿ 10,000 ಗೊತ್ತಿಲ್ಲದವು, ಮತ್ತು ಒಂದು ತುದಿಯಿಂದ ಬಿಡಿಸುತ್ತಾ ಹೋಗುವ ಸುಲಭದ ದಾರಿ ಮುಚ್ಚಿಹೋಗುತ್ತದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಹಂಬಲ್ ತೈಲ ಕಂಪನಿಯಲ್ಲಿದ್ದ ಪೀಸ್‌ಮನ್ ಮತ್ತು ರ‍್ಯಾಕ್‌ಫರ್ಡ್ 1955ರಲ್ಲಿ ಇದಕ್ಕೆ ದಾರಿ ಹುಡುಕಿದರು. ಹೆಜ್ಜೆಯ ಮೊದಲರ್ಧದಲ್ಲಿ ಅಡ್ಡ ದಿಕ್ಕನ್ನು ಮಾತ್ರ ಇಂಪ್ಲಿಸಿಟ್ ಮಾಡುವುದು, ಉಳಿದರ್ಧದಲ್ಲಿ ಉದ್ದ ದಿಕ್ಕನ್ನು. ಆಗ 10,000ದ ಒಂದು ದೊಡ್ಡ ಗಂಟಿನ ಬದಲು ನೂರು ಬಿಂದುಗಳ ನೂರು ಸಾಲುಗಳು, ಒಂದೊಂದನ್ನೂ ಥಾಮಸ್ ದಾರಿಯಲ್ಲಿ ಬಿಡಿಸಬಹುದು. ಒಂದೊಂದು ಅರ್ಧ ಹೆಜ್ಜೆಯನ್ನೂ ಬಿಡಿಯಾಗಿ ತೆಗೆದುಕೊಂಡರೆ ಸ್ಥಿರತೆಗೆ ಖಾತ್ರಿ ಇಲ್ಲ, ಎರಡೂ ಸೇರಿದರೆ ಯಾವ ಹೆಜ್ಜೆಗೂ ಸ್ಥಿರ. ಮೂರು ದಿಕ್ಕಿಗೆ ಇದೇ ಉಪಾಯವನ್ನು ಹಾಗೇ ಎಳೆದರೆ ಆ ಗುಣ ಉಳಿಯುವುದಿಲ್ಲ. ಅಲ್ಲಿಗೆ ಜಿಮ್ ಡಗ್ಲಸ್ 1962ರಲ್ಲಿ ಬೇರೆ ರೀತಿಯ ಹಂಚಿಕೆ ಕೊಟ್ಟರು.